ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿರಿಯರ ಮನೆಗೆ ಬಂದೂಕಿನ ಕಾವಲು ಬೇಕೆ?

ಹಿರಿಯ ನಾಗರಿಕರ ಮನೆಗಳ ಭದ್ರತೆ ಮತ್ತು ಬಂದೂಕಿನ ಪರವಾನಗಿಯನ್ನು ಕುರಿತು ಮೈಸೂರು ಹಾಗೂ ಮಂಡ್ಯದ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕೆಲವರ ಕೋರಿಕೆಯಂತೆ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು 71. ಬೋಗಾದಿ ಕಡೆಯ ಹೊಸ ಬಡಾವಣೆಯೊಂದರಲ್ಲಿ ನಾನೂ ಪತ್ನಿಯೂ ಇದ್ದೇವೆ. ಅಕ್ಕಪಕ್ಕದವರೆಲ್ಲ ಬಹುತೇಕ ನಿವೃತ್ತರೇ, ಮಕ್ಕಳು ಹೊರದೇಶದಲ್ಲಿದ್ದಾರೆ. ಈಚೆಗೆ ಹಿಂದಿನ ರಸ್ತೆಯಲ್ಲಿ ಬೀಗ ಹಾಕಿದ್ದ ಮನೆಯೊಂದರಲ್ಲಿ ಕಳ್ಳತನವಾಯಿತು. ಅಂದಿನಿಂದ ಪತ್ನಿಗೆ ನೆಟ್ಟಗೆ ನಿದ್ದೆಯಿಲ್ಲ. ಪಿಸ್ತೂಲಿಗೆ ಪರವಾನಗಿ ಪಡೆಯಬಹುದೇ? ವಯಸ್ಸು ಅಡ್ಡಿಯಾಗುವುದೇ?
— ಓದುಗರು, ಮೈಸೂರು

ಉತ್ತರ: ವಯಸ್ಸಿನ ವಿಷಯವನ್ನು ಮೊದಲು ಮುಗಿಸೋಣ. ಪರವಾನಗಿಗೆ 21 ವರ್ಷ ತುಂಬಿರಬೇಕೆಂಬ ಕನಿಷ್ಠ ಮಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆಯೇ ಹೊರತು ಗರಿಷ್ಠ ಮಿತಿ ಇಲ್ಲ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿ, ಮನೆಯಲ್ಲಿ ಅದನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆ ಇವೆಲ್ಲವೂ ಬೇಕು. ಮೈಸೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರೂ ಅದರಿಂದಾಚೆ ಜಿಲ್ಲಾಧಿಕಾರಿಗಳೂ ಪರವಾನಗಿ ಕೊಡುವ ಅಧಿಕಾರ ಹೊಂದಿದ್ದಾರೆ. ವರ್ತುಲ ರಸ್ತೆಯ ಆಸುಪಾಸಿನಲ್ಲಿ ಬೆಳೆದಿರುವ ಬಡಾವಣೆಗಳಲ್ಲಿ ಕೆಲವು ನಗರ ಠಾಣೆಗಳಿಗೂ ಕೆಲವು ಜಿಲ್ಲಾ ಪೊಲೀಸರ ಠಾಣೆಗಳಿಗೂ ಸೇರಿರುವುದರಿಂದ, ನಿಮ್ಮ ಮನೆ ಯಾವ ಠಾಣೆಗೆ ಸೇರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಈ ಮಾಹಿತಿ ಬಂದೂಕಿಗಿಂತ ಹೆಚ್ಚು ಬಾರಿ ನಿಮ್ಮ ಉಪಯೋಗಕ್ಕೆ ಬರುತ್ತದೆ.

ಅರ್ಜಿಯ ಮೇಲೆ ಪೊಲೀಸ್ ವಿಚಾರಣೆ ನಡೆಯುತ್ತದೆ. ಜೀವಕ್ಕೆ ಬೆದರಿಕೆ ಇದೆಯೇ, ಇದ್ದರೆ ಯಾರಿಂದ ಎಂದು ಕೇಳುತ್ತಾರೆ. ಪಕ್ಕದ ರಸ್ತೆಯಲ್ಲಿ ಕಳ್ಳತನವಾಯಿತು ಎಂಬ ಒಂದೇ ಕಾರಣ ಅವರಿಗೆ ಸಾಲುವ ಸಂಭವ ಕಡಿಮೆ. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ. ಅದು ಸರ್ಕಾರ ಪರಿಶೀಲಿಸಿ ಕೊಡುವ ಅನುಮತಿ. (ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡಗಿನ ಸ್ನೇಹಿತರ ಮನೆಯ ಗೋಡೆಯಲ್ಲಿ ಕೋವಿ ಕಂಡು ನಮಗೇಕೆ ಇಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಉಳಿದವರಿಗೆ ಅನ್ವಯಿಸುವುದಿಲ್ಲ.) ಪರವಾನಗಿ ದೊರೆತರೆ ಅದರ ಅವಧಿ 5 ವರ್ಷ. ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಸಾಮಾನ್ಯವಾಗಿ ಸೂಚನೆ ಬರುತ್ತದೆ.

ಕಾನೂನು ಇಷ್ಟು. ಪಡೆಯಬೇಕೇ ಎಂದು ನನ್ನನ್ನು ಕೇಳಿದರೆ, ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ನಿಮ್ಮ ಪತ್ರದಲ್ಲೇ ಅದಕ್ಕೆ ಕಾರಣವಿದೆ. ಕಳ್ಳತನವಾದದ್ದು ಬೀಗ ಹಾಕಿದ್ದ ಮನೆಯಲ್ಲಿ. ಆ ಮನೆಯವರ ಬಳಿ ಪಿಸ್ತೂಲು ಇದ್ದಿದ್ದರೆ ಅದು ಬೀರುವಿನಲ್ಲಿ ಇರುತ್ತಿತ್ತು. ಬೀರು ಒಡೆದವನು ಒಡವೆಯ ಜೊತೆಗೆ ಅದನ್ನೂ ಒಯ್ಯುತ್ತಿದ್ದ. ನಾಳೆ ಅದೇ ಪಿಸ್ತೂಲಿನಿಂದ ಎಲ್ಲಾದರೂ ಒಂದು ಜೀವ ಹೋದರೆ, ಪರವಾನಗಿ ಪುಸ್ತಕ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಬೇಕಾದವರು ಮನೆಯ ಯಜಮಾನರು. ವರ್ಷಕ್ಕೊಮ್ಮೆ ಮಕ್ಕಳ ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ನಿಮ್ಮಂಥವರ ಬಡಾವಣೆಯಲ್ಲಿ ಈ ಸಾಧ್ಯತೆಯನ್ನು ಹಗುರವಾಗಿ ಕಾಣುವಂತಿಲ್ಲ.

ನೀವು ಮನೆಯಲ್ಲೇ ಇರುವಾಗ ಕಳ್ಳ ಬಂದನೆಂದು ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಹಿತ್ತಲ ಬಾಗಿಲಿನ ಚಿಲಕ ಮುರಿದ ಸದ್ದಾಗುತ್ತದೆ. ನೀವು ಎದ್ದು ಕೂರಬೇಕು, ಕನ್ನಡಕ ಹುಡುಕಬೇಕು, ಬೀರುವಿನ ಕೀಲಿ ತೆಗೆಯಬೇಕು, ಒಳಗಿನ ಲಾಕರ್ ತೆರೆಯಬೇಕು, ಬೇರೆ ಕಡೆ ಇಟ್ಟಿರುವ ಗುಂಡುಗಳನ್ನು ತಂದು ತುಂಬಬೇಕು. ಇಷ್ಟನ್ನೂ ಕತ್ತಲಲ್ಲಿ, ನಡುಗುವ ಕೈಯಲ್ಲಿ ಮಾಡುವ ಹೊತ್ತಿಗೆ ಇಪ್ಪತ್ತೈದರ ಹುಡುಗ ಕೈಯಲ್ಲಿ ಸಬ್ಬಲ್ ಹಿಡಿದು ನಡುಮನೆ ದಾಟಿ ನಿಮ್ಮ ಮುಂದೆ ನಿಂತಿರುತ್ತಾನೆ. ಆ ಕ್ಷಣದಲ್ಲಿ ಪಿಸ್ತೂಲು ಯಾರ ಕೈಗೆ ಹೋದೀತೆಂದು ಹೇಳಲಾಗದು. ಹಾಗೆಂದು ಗುಂಡು ತುಂಬಿ ದಿಂಬಿನ ಕೆಳಗಿಟ್ಟುಕೊಂಡರೆ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಬೇಸಿಗೆ ರಜೆಗೆ ಬಂದ ಮೊಮ್ಮಗು ಅದನ್ನು ಎತ್ತಿಕೊಳ್ಳಬಹುದು, ನೀರು ಕುಡಿಯಲೆಂದು ಕತ್ತಲಲ್ಲಿ ಎದ್ದ ಪತ್ನಿಯನ್ನೇ ನೀವು ಕಳ್ಳನೆಂದು ತಿಳಿಯಬಹುದು.

ನಿಮ್ಮ ಪತ್ನಿಗೆ ನಿದ್ದೆ ಬರುವಂತೆ ಮಾಡುವ ಕೆಲಸಗಳು ಬೇರೆಯೇ ಇವೆ. ನಮ್ಮಲ್ಲಿ ಎದುರು ಬಾಗಿಲಿಗೆ ತೇಗದ ಮರ, ಹಿತ್ತಾಳೆಯ ಹಿಡಿ, ದುಬಾರಿ ಬೀಗ ಹಾಕಿಸುವವರೇ ಪಾತ್ರೆ ತೊಳೆಯುವ ಜಾಗಕ್ಕೆ ತೆರೆಯುವ ಹಿಂಬಾಗಿಲಿಗೆ ತೆಳುವಾದ ಹಲಗೆಯನ್ನೂ ಒಂದೇ ಒಂದು ಚಿಲಕವನ್ನೂ ಹಾಕಿಸಿ ಸುಮ್ಮನಾಗಿರುತ್ತಾರೆ. ತಾರಸಿಗೆ ಹೋಗುವ ಮೆಟ್ಟಿಲ ಮೇಲಿನ ಬಾಗಿಲಿನ ಸ್ಥಿತಿಯೂ ಅದೇ. ಇಂದೇ ಸಂಜೆ ಆ ಎರಡು ಬಾಗಿಲುಗಳನ್ನು ಹೊರಗಿನಿಂದ ನಿಂತು ತಳ್ಳಿ ನೋಡಿ. ಚೌಕಟ್ಟು ಅಲುಗಾಡಿದರೆ ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸಿ, ಮೇಲೆ ಕೆಳಗೆ ಎರಡು ಅಗುಳಿ ಕೂರಿಸಿ. ಆಳು ಸುಳಿದೊಡನೆ ತಾನಾಗಿ ಹತ್ತುವ ದೀಪವೊಂದು ಹಿತ್ತಲಲ್ಲಿರಲಿ. ಮಲಗುವ ಕೋಣೆಗೂ ಒಳಗಿನಿಂದ ಗಟ್ಟಿ ಅಗುಳಿ ಇರಲಿ. ಸದ್ದು ಕೇಳಿದರೆ ಹೊರಗೆ ಬರಬೇಡಿ, ಅಗುಳಿ ಹಾಕಿಕೊಂಡು 112ಕ್ಕೆ ಕರೆ ಮಾಡಿ, ಅಕ್ಕಪಕ್ಕದವರಿಗೆ ಕೇಳುವಂತೆ ಕೂಗಿ. ಕಳ್ಳನಿಗೆ ಬೇಕಾದದ್ದು ಒಡವೆ, ಹಣ. ಅದು ಹೋದರೆ ಹೋಗಲಿ. ಊರಿಗೆ ಹೋಗುವಾಗ ಹಾಲು, ಪತ್ರಿಕೆ ನಿಲ್ಲಿಸಿ ಠಾಣೆಗೆ ತಿಳಿಸಿ ಹೋಗಿ. ಗೇಟಿನ ಒಳಗೆ ಬಿದ್ದ ನಾಲ್ಕು ದಿನದ ಪತ್ರಿಕೆಗಳೇ ಕಳ್ಳನಿಗೆ ದಾರಿ ತೋರಿಸುತ್ತವೆ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ತಂದೆಯವರು ಬೆಳೆ ರಕ್ಷಣೆಗೆಂದು ಒಂಟಿ ನಳಿಕೆಯ ಕೋವಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಕೋವಿ ಅಟ್ಟದ ಮೇಲೇ ಇದೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಾಣಿಸಿಕೊಳ್ಳುತ್ತಿದೆ, ಇರಲಿ ಬಿಡು ಎಂದು ಅಣ್ಣ ಹೇಳುತ್ತಾರೆ. ನಾನು ನಿವೃತ್ತ ಶಿಕ್ಷಕ. ಏನು ಮಾಡಬೇಕು?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಅಣ್ಣನವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಪರವಾನಗಿ ಇದ್ದದ್ದು ತಂದೆಯವರ ಹೆಸರಿಗೆ. ಅವರ ನಂತರ ಆ ಕೋವಿ ಮನೆಯಲ್ಲಿರುವುದು ಪರವಾನಗಿ ಇಲ್ಲದೆ ಇಟ್ಟುಕೊಂಡಂತೆಯೇ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ಬಂದೂಕು ಹೊಂದಿರುವುದಕ್ಕೆ 2ರಿಂದ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಇಂಥ ಬಂದೂಕನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುತ್ತದೆ. ವಿಳಂಬವಾಗಿರುವುದು ನಿಜ, ಆದರೆ ತಾವಾಗಿಯೇ ಹೋಗಿ ಒಪ್ಪಿಸುವವರ ಸ್ಥಿತಿಗೂ ತಪಾಸಣೆಯಲ್ಲಿ ಸಿಕ್ಕಿಬೀಳುವವರ ಸ್ಥಿತಿಗೂ ಬಹಳ ಅಂತರವಿದೆ.

ಒಂದು ಎಚ್ಚರಿಕೆ. ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಒಯ್ಯಬೇಡಿ. ಮೊದಲು ಮರಣ ಪ್ರಮಾಣಪತ್ರ ಮತ್ತು ಪರವಾನಗಿ ಪುಸ್ತಕದೊಂದಿಗೆ ಠಾಣೆಗೆ ಹೋಗಿ ಲಿಖಿತವಾಗಿ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ, ಕೋವಿಯ ಸಂಖ್ಯೆ ಬರೆದಿರುವ ರಸೀದಿ ಪಡೆಯಿರಿ. ಅಟ್ಟದಿಂದ ಇಳಿಸಲೇಬೇಕಾದಾಗ ಒಳಗೆ ತೋಟಾ ಇದೆಯೆಂದೇ ಭಾವಿಸಿ, ನಳಿಕೆಯನ್ನು ಯಾರ ಕಡೆಗೂ ತಿರುಗಿಸದೆ, ಟ್ರಿಗರ್ ಮುಟ್ಟದೆ ಇಳಿಸಿ. ವರ್ಷಗಟ್ಟಲೆ ತೇವಕ್ಕೆ ಸಿಕ್ಕಿದ ಹಳೆಯ ತೋಟಾಗಳು ಉಬ್ಬಿ ನಳಿಕೆಯಲ್ಲೇ ಕಚ್ಚಿಕೊಂಡಿರಬಹುದು. ಅವನ್ನು ಕಡ್ಡಿ ಹಾಕಿ ತಿವಿಯುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಕೋವಿ ಮನೆತನದಲ್ಲೇ ಉಳಿಯಬೇಕೆಂದಿದ್ದರೆ, ಠೇವಣಿ ಇಟ್ಟ ಮೇಲೆ, ಉಳಿದ ವಾರಸುದಾರರ ಒಪ್ಪಿಗೆ ಪಡೆದು ನಿಮ್ಮಲ್ಲೊಬ್ಬರು ಹೊಸ ಪರವಾನಗಿಗೆ ಅರ್ಜಿ ಹಾಕಬಹುದು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನಿಮ್ಮ ತಾಲ್ಲೂಕಿನಲ್ಲೇ ಮೇಲುಕೋಟೆ ಅಭಯಾರಣ್ಯವಿರುವುದರಿಂದ ನಿಮ್ಮ ಹಳ್ಳಿ ಆ ಅಳತೆಯೊಳಗೆ ಬರುತ್ತದೆಯೇ ಎಂದು ವಿಚಾರಿಸಿ. ಚಿರತೆಯ ವಿಷಯದಲ್ಲಿ, ಮೈಮೇಲೆ ಎರಗಿದಾಗ ಪ್ರಾಣ ಉಳಿಸಿಕೊಳ್ಳಲು ಮಾಡಿದ ಕೃತ್ಯ ಅಪರಾಧವಲ್ಲ. ಗದ್ದೆಯಲ್ಲಿ ಕಂಡಿತೆಂದು ಹೊಡೆದರೆ ಅದು ಗಂಭೀರ ಅಪರಾಧ. ಹಳೆಯ ಒಂಟಿ ನಳಿಕೆಯಿಂದ ಗಾಯಗೊಂಡ ಚಿರತೆ ಆರೋಗ್ಯವಂತ ಚಿರತೆಗಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ಅಣ್ಣನವರಿಗೆ ತಿಳಿಸಿ. ಬೋನು ಇಡಿಸಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತ ಮನವಿ ಕೊಡಿ.

ಪ್ರಶ್ನೆ: ನನಗೆ 66 ವರ್ಷ. ಅಮೆರಿಕದ ಫ್ಲೋರಿಡಾದಲ್ಲಿ, 55 ವರ್ಷ ದಾಟಿದವರಿಗಾಗಿಯೇ ಇರುವ ಬಡಾವಣೆಯಲ್ಲಿ ನನ್ನ ಅಕ್ಕ ಇದ್ದಾರೆ. ಅಲ್ಲಿ ಬಂದೂಕು ಇಲ್ಲದ ಮನೆಯೇ ಕಡಿಮೆಯಂತೆ. ನಾವು ದಂಪತಿ ಪ್ರವಾಸಿ ವೀಸಾದಲ್ಲಿ ಹೋಗುತ್ತಿದ್ದೇವೆ. ನಮ್ಮವರನ್ನು ಗುಂಡು ಹೊಡೆಯುವ ತರಗತಿಗೆ ಕರೆದೊಯ್ಯುವುದಾಗಿ ನೆರೆಯವರು ಹೇಳಿದ್ದಾರೆ. ಹೋಗಬಹುದೇ? ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗದು?
— ಓದುಗರು, ಜೆ.ಪಿ. ನಗರ, ಮೈಸೂರು

ಉತ್ತರ: ತರಗತಿಗೆ ಹೋಗುವುದು ಬೇಡ. ಪ್ರವಾಸಿ ವೀಸಾದಲ್ಲಿರುವವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು, ಕೆಲವು ಸೀಮಿತ ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸುತ್ತದೆ. ತರಗತಿಯಲ್ಲಿ ಕೈಗೆ ತೆಗೆದುಕೊಂಡದ್ದೂ ಹೊಂದಿದಂತೆಯೇ ಎಂದು ಪರಿಗಣಿತವಾಗಬಹುದು. ಹಿಂದಿರುಗುವಾಗ ನೆನಪಿಗೆಂದು ಯಾರಾದರೂ ಕೊಟ್ಟ ಒಂದು ಗುಂಡು ಕೈಚೀಲದ ಮೂಲೆಯಲ್ಲಿ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಪ್ರಕರಣ ದಾಖಲಾಗಬಹುದು.

ಎರಡೂ ದೇಶಗಳ ಕಾನೂನಿನ ಬುನಾದಿಯೇ ಬೇರೆ. 1791ರಲ್ಲಿ ಅಂಗೀಕಾರವಾದ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ ಶಸ್ತ್ರ ಹೊಂದುವ ಹಕ್ಕನ್ನು ಹೇಳುತ್ತದೆ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡಿತು. ಫ್ಲೋರಿಡಾದಲ್ಲಿ 2023ರ ಜುಲೈ 1ರಿಂದ ಅರ್ಹರು ಅನುಮತಿಪತ್ರವಿಲ್ಲದೆಯೇ ಬಂದೂಕನ್ನು ಉಡುಪಿನೊಳಗೆ ಮರೆಮಾಡಿ ಒಯ್ಯಬಹುದು.

ಆದರೆ ಅದರಿಂದ ಅಲ್ಲಿನ ಹಿರಿಯರು ಹೆಚ್ಚು ಸುರಕ್ಷಿತರಾಗಿದ್ದಾರೆಂದು ನನಗನ್ನಿಸುವುದಿಲ್ಲ. ಅಲ್ಲಿನ ವೈದ್ಯ ಸಂಶೋಧಕ ಆರ್ಥರ್ ಕೆಲ್ಲರ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಂದೂಕು ಇರುವ ಮನೆಯಲ್ಲಿ ಕೊಲೆ ನಡೆಯುವ ಸಂಭವ ಇಲ್ಲದ ಮನೆಗಿಂತ ಸುಮಾರು 2.7 ಪಟ್ಟು ಹೆಚ್ಚಿತ್ತು. ಆ ಹೆಚ್ಚಳಕ್ಕೆ ಬಹುಮಟ್ಟಿಗೆ ಕಾರಣರಾದವರು ಮನೆಯವರು ಅಥವಾ ನಿಕಟ ಪರಿಚಿತರು. ಆ ಅಧ್ಯಯನದ ವಿಧಾನದ ಬಗ್ಗೆ ಅಲ್ಲಿ ಇಂದಿಗೂ ವಾದಗಳಿವೆ. ಆದರೆ ವಾದಕ್ಕೆ ಎಡೆಯಿಲ್ಲದ ಸಂಗತಿಯೊಂದಿದೆ: ಆ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು, ಮತ್ತು ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚಿರುವುದು ವಯಸ್ಸಾದ ಗಂಡಸರಲ್ಲಿ. ಮುಂದಿನ ಪತ್ರಕ್ಕೆ ನಾನು ಕೊಡುವ ಉತ್ತರವನ್ನು ನಿಮ್ಮ ಅಕ್ಕನವರಿಗೂ ಓದಿ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ 74 ವರ್ಷ. ದೊಡ್ಡ ಹುದ್ದೆಯಲ್ಲಿದ್ದವರು, ಆಗಿನಿಂದಲೂ ಪರವಾನಗಿ ಇರುವ ರಿವಾಲ್ವರ್ ಅವರ ಬಳಿ ಇದೆ. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮಾತು ಕಡಿಮೆ ಮಾಡಿದ್ದಾರೆ, ಮರೆವು ಹೆಚ್ಚಿದೆ, ಒಮ್ಮೊಮ್ಮೆ "ಇನ್ನು ನಾನಿದ್ದು ಯಾರಿಗೇನು ಉಪಯೋಗ" ಎನ್ನುತ್ತಾರೆ. ರಿವಾಲ್ವರನ್ನು ಕೊಟ್ಟುಬಿಡಿ ಎಂದರೆ ಕೋಪ ಬರುತ್ತದೆ. ನನಗೆ ಭಯವಾಗುತ್ತಿದೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮ, ನಿಮ್ಮ ಭಯಕ್ಕೆ ಕಾರಣವಿದೆ. ಈ ಕೆಲಸವನ್ನು ಮುಂದಿನ ವಾರಕ್ಕೆ ಇಡಬೇಡಿ. ಅವರು ಆಡಿದ ಮಾತನ್ನು ಮುಪ್ಪಿನ ಬೇಸರವೆಂದು ತಳ್ಳಿಹಾಕದೆ ಇಂದೇ ಮಕ್ಕಳಿಗೆ ಹೇಳಿ, ಅವರಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೂ ಹೇಳಿ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಖಿನ್ನತೆ ಕಾಣಿಸಿಕೊಳ್ಳುವುದು ಅಪರೂಪವಲ್ಲ; ಅದಕ್ಕೆ ಚಿಕಿತ್ಸೆಯೂ ಇದೆ. ಮರೆವಿನಂತೆ ಕಾಣುವುದರ ಹಿಂದೆಯೂ ಅದೇ ಖಿನ್ನತೆ ಇರಬಹುದು. 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು; ಅವರ ಪರವಾಗಿ ನೀವೇ ಕರೆ ಮಾಡಿ ಸಲಹೆ ಕೇಳಬಹುದು.

"ಇದ್ದು ಏನು ಉಪಯೋಗ" ಎನ್ನುವವರನ್ನು "ಸಾಯುವ ಯೋಚನೆ ಬರುತ್ತಿದೆಯೇ" ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು ಎಂಬ ಅಂಜಿಕೆ ಅನೇಕರಿಗಿದೆ, ಅದು ನಿಜವಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸಂಕಟದ ಗಳಿಗೆ ಹೆಚ್ಚಿನವರಲ್ಲಿ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆಟಕುವಲ್ಲಿ ಬಂದೂಕು ಇಲ್ಲದಿದ್ದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಅದಕ್ಕಾಗಿಯೇ ರಿವಾಲ್ವರ್ ಮನೆಯಿಂದ ಹೊರಗೆ ಹೋಗಬೇಕೆಂದು ಒತ್ತಿ ಹೇಳುತ್ತಿದ್ದೇನೆ.

ಅವರ ಗೌರವಕ್ಕೆ ಕುಂದು ಬರದಂತೆ ಇದನ್ನು ಮಾಡುವ ದಾರಿಯೊಂದನ್ನು ನಿಯಮಗಳೇ ತೋರಿಸಿವೆ. 2016ರ ನಿಯಮಗಳ 25ನೇ ನಿಯಮದ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು 25 ವರ್ಷ ಬಂದೂಕು ಹೊಂದಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗಿನಿಂದ, ಬದುಕಿರುವಾಗಲೇ ಅದನ್ನು ಅರ್ಹ ವಾರಸುದಾರರೊಬ್ಬರ ಹೆಸರಿಗೆ ಮಾಡಿಕೊಡಲು ಅವಕಾಶವಿದೆ. ಬೇಕಾದದ್ದನ್ನು ಕಿತ್ತುಕೊಂಡರು ಎನಿಸುವ ಬದಲು ಮಗನಿಗೋ ಮಗಳಿಗೋ ತಾವೇ ವಹಿಸಿಕೊಟ್ಟಂತಾಗುತ್ತದೆ. ಆ ಅರ್ಜಿ ತೀರ್ಮಾನವಾಗುವವರೆಗೆ ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಠೇವಣಿ ಇಡಲಿ. ಅವರ ಮಾತಿಗೆ ಬೆಲೆ ಕೊಡುವ ಹಳೆಯ ಸಹೋದ್ಯೋಗಿಯೊಬ್ಬರು ಜೊತೆಗೆ ಹೋಗಲಿ. ಒಪ್ಪದಿದ್ದರೆ ಪರವಾನಗಿ ಕೊಟ್ಟ ಅಧಿಕಾರಿಗೆ ನೀವೇ ವಿಷಯ ಬರೆದು ತಿಳಿಸಬಹುದು. ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರ ಅವರಿಗಿದೆ. ಗಂಡನ ಮೇಲೆ ದೂರು ಕೊಟ್ಟಂತಾಯಿತೆಂದು ನೊಂದುಕೊಳ್ಳಬೇಡಿ. ಕೈಯಲ್ಲಿ ಬಂದೂಕು ಹಿಡಿದು ಕುಳಿತರೆಂದರೆ ನೀವು ಹತ್ತಿರ ಹೋಗಿ ಕಿತ್ತುಕೊಳ್ಳಲು ಪ್ರಯತ್ನಿಸಬಾರದು. ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಗೇಟಿಗೆ ಬಂದೂಕುಧಾರಿ ಕಾವಲುಗಾರನನ್ನು ನೇಮಿಸಬೇಕೆಂದು ಕೆಲವರು ಒತ್ತಾಯಿಸುತ್ತಿದ್ದಾರೆ. ಒಳಗೆ ನುಗ್ಗಿದ ಕಳ್ಳನನ್ನು ಹೊಡೆದರೆ ನಮ್ಮ ಮೇಲೇ ಕೇಸು ಆಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ.
— ಸಂಘದ ಕಾರ್ಯದರ್ಶಿ, ಮೈಸೂರು

ಉತ್ತರ: ಕಾವಲು ಸಂಸ್ಥೆಗಳಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪರವಾನಗಿ ಕಡ್ಡಾಯ, ಅದರ ಪ್ರತಿಯನ್ನೂ ಕಾವಲುಗಾರರ ಪೂರ್ವಾಪರ ಪರಿಶೀಲನೆಯ ದಾಖಲೆಯನ್ನೂ ಕೇಳಿ ಪಡೆಯಿರಿ. ಬಂದೂಕಿನ ಬೇಡಿಕೆಯನ್ನು ಮಾತ್ರ ಕೈಬಿಡಿ. ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತು ದಣಿದ, ತಾನೂ ಅರವತ್ತು ದಾಟಿದ ಕಾವಲುಗಾರನ ಹೆಗಲಿಗೆ ಬಂದೂಕು ಏರಿಸುವ ಹಣದಲ್ಲಿ ಪಾಳಿಯನ್ನು ಎಂಟು ಗಂಟೆಗೆ ಇಳಿಸಿ ಇನ್ನೊಬ್ಬರನ್ನು ನೇಮಿಸಬಹುದು.

ಹೊಡೆಯುವ ವಿಷಯಕ್ಕೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ತನ್ನ ಹಾಗೂ ಇತರರ ದೇಹ, ಆಸ್ತಿಯನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕೊಟ್ಟಿವೆ. ರಕ್ಷಣೆಗೆ ಅಗತ್ಯವಾದಷ್ಟೇ ಪೆಟ್ಟು ಎಂಬುದು ಅದರ ಮಿತಿ. ರಾತ್ರಿ ಮನೆಯೊಡೆದು ಒಳನುಗ್ಗಿದವನನ್ನು ತಡೆಯುವಾಗ ಆ ಹಕ್ಕು ಬಹಳ ದೂರ ಹೋಗುತ್ತದೆ. ಅವನು ಬೆನ್ನು ತಿರುಗಿಸಿ ಓಡುವಾಗ ಹಿಂದಿನಿಂದ ಹೊಡೆದರೆ, ಹಿಡಿದು ಕಂಬಕ್ಕೆ ಕಟ್ಟಿ ಬಡಿದರೆ ಆ ಹಕ್ಕಿನ ರಕ್ಷಣೆ ಸಿಗುವುದಿಲ್ಲ. ಖಾರದ ಪುಡಿಯ ಸ್ಪ್ರೇ ಇಟ್ಟುಕೊಳ್ಳಲು ಪರವಾನಗಿ ಬೇಡ.

ನಿಮ್ಮ ಸದಸ್ಯರು ಹೆಚ್ಚಾಗಿ ಮೋಸಹೋಗುವುದು ಬಾಗಿಲು ಮುರಿಯದವರಿಂದ. ಬೆಳಿಗ್ಗೆ ರಂಗೋಲಿ ಹಾಕುವವರ ಬಳಿ ವಿಳಾಸ ಕೇಳುವ ನೆಪದಲ್ಲಿ ಬೈಕ್ ನಿಲ್ಲಿಸಿ ಸರಕ್ಕೆ ಕೈಹಾಕುವವರು, ಪೊಲೀಸರೆಂದು ಹೇಳಿಕೊಂಡು "ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಸುತ್ತಿಕೊಳ್ಳಿ" ಎನ್ನುವವರು, ವಿಡಿಯೊ ಕರೆಯಲ್ಲಿ "ಡಿಜಿಟಲ್ ಅರೆಸ್ಟ್" ಎಂದು ಬೆದರಿಸಿ ಪಿಂಚಣಿಯ ಉಳಿತಾಯವನ್ನೆಲ್ಲ ವರ್ಗಾಯಿಸಿಕೊಳ್ಳುವವರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿ ತಿಳಿಸಬೇಕು. ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಠಾಣೆಯಲ್ಲಿ ಇಟ್ಟುಕೊಂಡು ಅವರನ್ನು ನಿಯತವಾಗಿ ಭೇಟಿ ಮಾಡಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಹೇಳುತ್ತವೆ. ಮುಂದಿನ ಸಭೆಗೆ ನಿಮ್ಮ ಬೀಟ್ ಪೊಲೀಸರನ್ನು ಕರೆದು, ಸಂಘದಿಂದಲೇ ಆ ಪಟ್ಟಿ ತಯಾರಿಸಿ ಅವರ ಕೈಗೆ ಕೊಡಿ. ಯಾರ ಮನೆಯ ಇನ್ನೊಂದು ಕೀಲಿ ಯಾವ ನೆರೆಯವರ ಬಳಿ ಇದೆ, ರಾತ್ರಿ ಹೊತ್ತು ಯಾರಿಗೆ ಕರೆ ಮಾಡಬೇಕು ಎಂಬ ವಿವರ ಅದರಲ್ಲಿರಲಿ.